ಹದಿನೈದು ನಿಮಿಷಕ್ಕೊಮ್ಮೆ

ದಿನಾ ಸಂಜೆ ಐದು ಮೂವತ್ತಮೂರಕ್ಕೆ ನಮ್ಮ ಅಡುಗೆಮನೆಯಲ್ಲಿ ಅಣ್ಣ ಮಾತಾಡುತ್ತಿದ್ದ. ಅವನು ಸತ್ತು ಒಂಬತ್ತು ತಿಂಗಳಾಗಿತ್ತು.

"ಎಚ್ಚರ. ಹಳೇ ಸೇತುವೆ. ಇಳಿಜಾರು. ಎಣ್ಣೆ ಚೆಲ್ಲಿದೆ. ನಿಧಾನ."

ಒಂದೊಂದು ಮಾತಿನ ನಡುವೆ ಉಸಿರೆಳೆದುಕೊಳ್ಳುವಷ್ಟು ಬಿಡುವು. ಆ ಹೊತ್ತಿಗೆ ಅತ್ತಿಗೆ ಎಲ್ಲಿದ್ದರೂ ಅಡುಗೆಮನೆಗೆ ಬಂದು, ನಲ್ಲಿ ನಿಲ್ಲಿಸಿ, ಒಲೆ ಸಣ್ಣಗೆ ಮಾಡಿ ನಿಂತುಬಿಡುತ್ತಿದ್ದರು. ಮಾತು ಮುಗಿದ ಮೇಲೆ ಮತ್ತೆ ನಲ್ಲಿ ತಿರುಗಿಸುತ್ತಿದ್ದರು. ನಾವಿಬ್ಬರೂ ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ.

ದೆವ್ವ ಭೂತ ಅಂತ ಯಾರೂ ಹೆದರಬೇಕಾಗಿಲ್ಲ. ಅದನ್ನು ಮಾಡಿದವಳು ನಾನೇ. ಕಪಾಟಿನ ಮೇಲೆ, ಉಪ್ಪಿನ ಡಬ್ಬದ ಪಕ್ಕ ಕೂತಿದ್ದ ಒಂದು ಸಣ್ಣ ಪೆಟ್ಟಿಗೆ ಅದು. ಅತ್ತಿಗೆ ಅದಕ್ಕೆ ಬಾಯಿಬಡುಕ ಅಂತ ಹೆಸರಿಟ್ಟಿದ್ದರು.

ನನ್ನ ಹೊಟ್ಟೆಪಾಡಿನ ಕೆಲಸ ಹಲ್ಲು ಮಾಡುವುದು. ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಅದಕ್ಕೆ ಸರಿಯಾಗಿ ಹಲ್ಲಿನ ಸೆಟ್ಟು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತೇನೆ. ಶನಿವಾರ ಮಧ್ಯಾಹ್ನ ಮಾತ್ರ ನನ್ನ ಕಾರ್ಖಾನೆಯ ಉದ್ದನೆಯ ಮೇಜಿನಿಂದ ಹಲ್ಲುಗಳೆಲ್ಲ ಒಂದು ಕಡೆ ಸರಿದು, ಕಂಪ್ಯೂಟರುಗಳು ಬಂದು ಕೂರುತ್ತಿದ್ದವು. ಊರಿನ ಪ್ರಸಾರ ನಿಲಯ ತನ್ನ ಸುದ್ದಿ, ಹವಾಮಾನ, ರಸ್ತೆ ಸಮಾಚಾರವನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಬರಿಯ ಸಾಲುಗಳಾಗಿ ಹರಿಯಬಿಡುತ್ತದೆ. ಫೀಡ್ ಅನ್ನುತ್ತೇವೆ. ಹವ್ಯಾಸಿಗಳು ಯಾರು ಬೇಕಾದರೂ ಅದನ್ನು ತೆಗೆದುಕೊಂಡು ಏನು ಬೇಕಾದರೂ ಕಟ್ಟಿ ನೋಡಬಹುದು, ವ್ಯಾಪಾರ ಮಾಡಬಾರದು ಅಷ್ಟೆ. ನಮ್ಮ ಕೂಟದಲ್ಲಿ ನಾಲ್ಕು ಜನ. ನಿವೃತ್ತ ಗಣಿತದ ಮೇಷ್ಟ್ರು ಹವಾಮಾನ ವರದಿ ಎಷ್ಟು ಸಲ ಸುಳ್ಳಾಯಿತು ಅಂತ ಎಣಿಸುವ ಯಂತ್ರ ಕಟ್ಟಿದ್ದರು. ವೈರಿಂಗ್ ಕೆಲಸದ ಗೆಳೆಯ, ಅವನನ್ನು ನಾವು ಬೆಸುಗೆ ಅಂತಲೇ ಕರೆಯುವುದು, ಕೆಟ್ಟ ಸುದ್ದಿ ಬಂದರೆ ಕೆಂಪಗಾಗುವ ದೀಪ ಮಾಡಿದ್ದ. ಅದು ತಿಂಗಳುಗಟ್ಟಲೆ ಕೆಂಪಗೇ ಉರಿಯಿತು. "ದೀಪ ಕೆಟ್ಟಿದೆಯೋ ಲೋಕ ಕೆಟ್ಟಿದೆಯೋ ನೋಡಪ್ಪ" ಅಂತ ಅಣ್ಣ ಅವನನ್ನು ಗೋಳುಹುಯ್ದುಕೊಳ್ಳುತ್ತಿದ್ದ.

ಅಣ್ಣ ನಾಲ್ಕನೆಯವನು. ಅವನಿಗೆ ಕಂಪ್ಯೂಟರಿನ ಗಂಧಗಾಳಿ ಇರಲಿಲ್ಲ. ಲಿಫ್ಟ್ ರಿಪೇರಿ ಅವನ ಕೆಲಸ, ಇಡೀ ದಿನ ಬೈಕಿನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಅಲೆದಾಟ. ಅವನು ಕೂಟಕ್ಕೆ ಬರುತ್ತಿದ್ದದ್ದು ಹರಟೆಗೆ, ಬಂದವನನ್ನು ನಾನು ಹಿಡಿದು ಕೂರಿಸಿದ್ದು ಅವನ ದನಿಗೆ. ರಸ್ತೆ ಸಮಾಚಾರವನ್ನು ಬಾಯಿಬಿಟ್ಟು ಹೇಳುವ ಪೆಟ್ಟಿಗೆಯನ್ನು ಅವನಿಗಾಗಿಯೇ ಕಟ್ಟುತ್ತಿದ್ದೆ. ಬೈಕಿನಲ್ಲಿ ಹೋಗುವವನು ಫೋನು ನೋಡಬಾರದು, ಕಿವಿಗೆ ಬೀಳಬೇಕು. ಊರಿನ ರಸ್ತೆಗಳ ಹೆಸರು, ಅಂಕಿಗಳು, ಎಚ್ಚರ, ನಿಧಾನ, ಬಳಸಿ ಹೋಗಿ, ಹೀಗೆ ಇನ್ನೂರ ಹನ್ನೆರಡು ಮಾತುಗಳನ್ನು, ಹೊರಗಿನ ಸದ್ದು ಸೇರಬಾರದು ಅಂತ, ಅವನು ಬಟ್ಟೆಯ ಬೀರುವಿನೊಳಗೆ ತಲೆ ತೂರಿಸಿ, ಮೇಲೆ ಕಂಬಳಿ ಹೊದ್ದು ಹೇಳಿದ್ದ. ಹೊರಗೆ ಅತ್ತಿಗೆ ನಕ್ಕೂ ನಕ್ಕೂ ಸುಸ್ತಾಗಿ, "ಜೀವ ಇದ್ಯಾ ಒಳಗೆ?" ಅಂತ ಕೇಳಿದ್ದರು. ಆ ನಗು ರೆಕಾರ್ಡಿನಲ್ಲಿ ಸೇರಿಬಿಟ್ಟಿತ್ತು, ನಾನು ಬಯ್ದು ಮತ್ತೆ ಹೇಳಿಸಿದೆ.

ನನ್ನ ಕಾರ್ಖಾನೆಯ ಕಂಪ್ಯೂಟರು ಫೀಡನ್ನು ಕೇಳಿ ತಂದು, ಹೊಸದೇನಾದರೂ ಇದ್ದರೆ ಅಣ್ಣನ ಮಾತುಗಳನ್ನು ಜೋಡಿಸಿ ಮನೆಯ ಪೆಟ್ಟಿಗೆಗೂ ಅಣ್ಣನ ಫೋನಿಗೂ ಒಟ್ಟಿಗೇ ಕಳಿಸುತ್ತಿತ್ತು. ಹದಿನೈದು ನಿಮಿಷಕ್ಕೊಮ್ಮೆ. ಗಂಟೆ ಕಳೆದು ಮೂರು ನಿಮಿಷಕ್ಕೆ, ಹದಿನೆಂಟಕ್ಕೆ, ಮೂವತ್ತಮೂರಕ್ಕೆ, ನಲವತ್ತೆಂಟಕ್ಕೆ.

"ಇನ್ನೂ ಬೇಗ ಬೇಗ ಕೇಳೋಕಾಗಲ್ವೇನೇ?" ಅಂದಿದ್ದ ಅಣ್ಣ.

"ಬಿಟ್ಟಿ ಸಿಕ್ತು ಅಂತ ನಿಮಿಷಕ್ಕೊಂದ್ಸಲ ಹೋಗಿ ಅವರ ಬಾಗಿಲು ಬಡಿಯೋಕಾಗುತ್ತೇನೋ? ಮಾನ ಮರ್ಯಾದೆ ಬೇಡ್ವಾ?" ಅಂದಿದ್ದೆ.

"ಆಯ್ತು ಮಾರಾಯ್ತಿ, ನಿನ್ನ ಮರ್ಯಾದೆ ನಿನ್ನ ಹತ್ರಾನೇ ಇರ್ಲಿ," ಅಂತ ನಕ್ಕು ಹೆಲ್ಮೆಟ್ ಹಾಕಿಕೊಂಡು ಹೋದ.

ಹಳೇ ಸೇತುವೆಯ ಇಳಿಜಾರಿನಲ್ಲಿ ಒಂದು ಲಾರಿ ಎಣ್ಣೆ ಚೆಲ್ಲಿಕೊಂಡು ಹೋಗಿತ್ತು. ಅಣ್ಣ ಕೊನೆಯ ಕೆಲಸ ಮುಗಿಸಿ ಆ ದಾರಿಯಲ್ಲಿ ಇಳಿದ. ಬೈಕು ಜಾರಿತು, ಎದುರಿಗೆ ಬಸ್ಸು ಬಂತು. ಅವನ ಫೋನು ತಾನು ಸಾಗಿದ ದಾರಿಯನ್ನು ಗುರುತಿಟ್ಟುಕೊಳ್ಳುತ್ತಿತ್ತು, ಅದರ ನಕ್ಷೆಯಲ್ಲಿ ಗೆರೆ ಐದು ಮೂವತ್ತೊಂದಕ್ಕೆ ನಿಂತಿದೆ.

ಮೊದಲು ಓಡಿಬಂದವನು ಇಳಿಜಾರಿನ ಬುಡದ ಪಂಕ್ಚರ್ ಅಂಗಡಿಯವನು. ಆಮೇಲೆ ಮನೆಗೂ ಬಂದಿದ್ದ. ಟೋಪಿ ಕೈಯಲ್ಲಿ ಹಿಡಿದುಕೊಂಡು ಅತ್ತಿಗೆಗೆ ಹೇಳಿದ: "ಬಿದ್ದ ಮೇಲೂ ಮಾತಾಡಿದ್ರಮ್ಮ. ನಾನು ತಲೆ ಎತ್ತಿ ಹಿಡ್ಕೊಂಡಿದ್ದೆ. ಎಚ್ಚರ, ನಿಧಾನ ಅಂದ್ರು. ಹಿಂದೆ ಬರೋರಿಗೆ ಹೇಳಿದ್ದು. ನನ್ನ ಮಕ್ಕಳಾಣೆಗೂ ಕೇಳಿಸ್ಕೊಂಡೆ."

ಅತ್ತಿಗೆ ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡವರ ಹಾಗೆ ಇಟ್ಟುಕೊಂಡರು. ಬಂದವರಿಗೆಲ್ಲ ಹೇಳಿದರು. "ಸಾಯೋ ಹೊತ್ತಲ್ಲೂ ಇನ್ನೊಬ್ಬರ ಚಿಂತೆ ನೋಡಿ ಅವರಿಗೆ." ಅದು ಅಣ್ಣನಲ್ಲ, ಅವನ ಜೇಬಿನ ಫೋನು ಅಂತ ಆ ಕ್ಷಣವೇ ನನಗೆ ಗೊತ್ತಾಗಿತ್ತು. ಅಡುಗೆಮನೆಯ ಪೆಟ್ಟಿಗೆಯೂ ಅದೇ ಹೊತ್ತಿಗೆ ಅದೇ ಮಾತು ಹೇಳಿತ್ತು, ನಾನೇ ಕೇಳಿದ್ದೆ. ಬಾಯಿಬಿಡಲಿಲ್ಲ. ಹೇಗೆ ಬಿಡಲಿ?

ಅದರ ಬದಲು ನನ್ನ ದಾಖಲೆ ತೆರೆದು ನೋಡಿದೆ. ಬಂದ ಸೂಚನೆಗಳನ್ನೆಲ್ಲ ಕಂಪ್ಯೂಟರು ಹೊತ್ತಿನ ಸಮೇತ ಬರೆದಿಡುತ್ತಿತ್ತು. "ಹಳೇ ಸೇತುವೆ, ಎಣ್ಣೆ: 5.33." ಮೂವತ್ತೊಂದಕ್ಕೆ ಅಣ್ಣ ಬಿದ್ದಿದ್ದಾನೆ, ಮೂವತ್ತಮೂರಕ್ಕೆ ಸೂಚನೆ ಬಂದಿದೆ. ಎರಡು ನಿಮಿಷ. ನನ್ನ ಮೈಯೆಲ್ಲ ಉರಿದುಹೋಯಿತು. ಅಲ್ಲಿ ಕೂತವರು ಟೀ ಕುಡಿಯುತ್ತಿದ್ದರೋ, ಹರಟೆ ಹೊಡೆಯುತ್ತಿದ್ದರೋ! ಅತ್ತಿಗೆಗೂ ಹಾಗೇ ಹೇಳಿದೆ. ಒಂಬತ್ತು ತಿಂಗಳು ನಮ್ಮ ಮನೆಯಲ್ಲಿ ಆ ಎರಡು ನಿಮಿಷವನ್ನು ಶಪಿಸದ ದಿನವಿಲ್ಲ. ನಿಲಯಕ್ಕೆ ಮೂರು ಕಾಗದ ಬರೆದೆ, ಉತ್ತರ ಬರಲಿಲ್ಲ.

ಅದು ಸಾಲದು ಅಂತ, ರಸ್ತೆ ತೊಳೆದು ಎಷ್ಟು ದಿನವಾದರೂ ಆ ಸೂಚನೆ ಫೀಡಿನಿಂದ ಹೋಗಲೇ ಇಲ್ಲ. ದಿನಾ ಸಂಜೆ ಹೊಸದಾಗಿ ಬರುತ್ತಿತ್ತು, ದಿನಾ ಅಣ್ಣನ ದನಿ ಅದನ್ನು ಹೇಳುತ್ತಿತ್ತು. ಮುಚ್ಚಲು ಮರೆತಿದ್ದಾರೆ, ದಂಡಪಿಂಡಗಳು, ಅಂದುಕೊಂಡೆ. "ಹಳಸಿದ್ದನ್ನ ತೆಗೆದುಬಿಡೋಣಮ್ಮ, ಒಂದು ಸಾಲು ಬರೆದ್ರೆ ಆಯ್ತು," ಅಂದ ಮೇಷ್ಟ್ರ ಮೇಲೆ ಹರಿಹಾಯ್ದೆ. ಅತ್ತಿಗೆ ಮಾತ್ರ ಒಂದೇ ಮಾತು ಹೇಳಿದ್ದರು, "ಇರ್ಲಿ ಬಿಡು. ಮಾತಾಡ್ಲಿ."

ಆಮೇಲೆ ನಿಲಯದವರು ಹವ್ಯಾಸಿಗಳನ್ನೆಲ್ಲ ಒಂದು ಶನಿವಾರ ಕರೆದರು. ನಮ್ಮ ಫೀಡಿನಿಂದ ಏನೇನು ಕಟ್ಟಿದ್ದೀರಿ, ತಂದು ತೋರಿಸಿ ಅಂತ. ಹೊರಡುವಾಗ ಅತ್ತಿಗೆ ಬಾಗಿಲವರೆಗೂ ಬಂದರು.

"ರಸ್ತೆ ಸುದ್ದಿ ಹಾಕೋರು ಯಾರು ಅಂತ ಹುಡುಕು. ಯಾಕೆ ತಡ ಆಯ್ತು ಅಂತ ಕೇಳು. ಜಗಳ ಬೇಡ. ಯಾಕೆ ಅಂತ ಕೇಳ್ಕೊಂಡು ಬಾ, ಅಷ್ಟೇ. ನಂಗೆ ಅದೊಂದು ಗೊತ್ತಾಗ್ಬೇಕು."

ನಿಲಯದ ಕೆಳಗಿನ ಸಭಾಂಗಣದಲ್ಲಿ ಸಾಲು ಮೇಜು. ಬೆಸುಗೆಯ ದೀಪ ಅಲ್ಲಿಯೂ ಕೆಂಪಗೇ ಉರಿಯಿತು, ಜನ ನಕ್ಕರು. ನಾನು ಮೇಷ್ಟ್ರಿಗೆ "ಈಗ ಬಂದೆ" ಅಂತ ಹೇಳಿ ಮೆಟ್ಟಿಲು ಹತ್ತಿದೆ. ಎರಡನೇ ಮಹಡಿಯ ಕೊನೆಯಲ್ಲಿ ಗಾಜಿನ ಬಾಗಿಲು, ಒಳಗೆ ಒಂದೇ ಮೇಜು, ಮೂರು ಫೋನು, ಗೋಡೆ ತುಂಬ ಊರಿನ ನಕ್ಷೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ಕೂತಿದ್ದರು. ಒಂಬತ್ತು ತಿಂಗಳಿಂದ ನಾನು ಬಯ್ದವರಿಗೆ ಮೀಸೆ ಇತ್ತು, ಡೊಳ್ಳು ಹೊಟ್ಟೆ ಇತ್ತು. ಇವರಿಗೆ ಎರಡೂ ಇರಲಿಲ್ಲ.

"ಯಾರು ಬೇಕಿತ್ತಮ್ಮ?"

"ಹಳೇ ಸೇತುವೆ ಎಣ್ಣೆ ಸೂಚನೆ ಹಾಕಿದ್ದು ಯಾರು?" ಅಂದೆ. "ಅವತ್ತು ಬಿದ್ದು ಸತ್ತೋನು ನಮ್ಮಣ್ಣ."

ಅವರು ಎದ್ದು ನಿಂತರು. ಆಮೇಲೆ ಕುರ್ಚಿ ಎಳೆದು, "ಕೂತ್ಕೊಳ್ಳಿ," ಅಂದರು. "ನಾನೇ ಹಾಕಿದ್ದು. ಯಾವತ್ತೋ ಒಂದಿನ ಆ ಮನೆಯವರು ಬಂದೇ ಬರ್ತಾರೆ ಅಂದ್ಕೊಂಡಿದ್ದೆ."

"ಎರಡು ನಿಮಿಷ ಮೇಡಂ. ಬರೀ ಎರಡು ನಿಮಿಷ ಮುಂಚೆ ಹಾಕಿದ್ರೆ ಅವನು ಇವತ್ತು ಇರ್ತಿದ್ದ."

ಅವರು ಹುಬ್ಬು ಗಂಟಿಕ್ಕಿದರು. ಮೇಜಿನ ಖಾನೆಯಿಂದ ಒಂದು ದಪ್ಪ ರಿಜಿಸ್ಟರ್ ತೆಗೆದರು. ಬಂದ ಪ್ರತಿಯೊಂದು ಕರೆಯನ್ನೂ ಅದರಲ್ಲಿ ಕೈಯಲ್ಲೇ ಬರೆಯುವ ಪದ್ಧತಿಯಂತೆ. ಹಾಳೆ ಹುಡುಕಬೇಕಾಗಿರಲಿಲ್ಲ, ರಿಜಿಸ್ಟರ್ ತಾನಾಗಿ ಅಲ್ಲಿಗೇ ತೆರೆದುಕೊಂಡಿತು. ಆ ಸಾಲಿನ ಕೆಳಗೆ ಬೆರಳಿಟ್ಟರು. ಐದು ಹತ್ತೊಂಬತ್ತು, ಬಸ್ ಡ್ರೈವರ್ ಕರೆ. ಐದು ಇಪ್ಪತ್ತು, ಸೇತುವೆ ಕಾವಲುಗಾರನಿಗೆ ಫೋನ್ ಮಾಡಿ ಖಾತ್ರಿ. ಐದು ಇಪ್ಪತ್ತೆರಡು, ಹಾಕಿದೆ.

"ಇಪ್ಪತ್ತೆರಡಕ್ಕೆ ಹಾಕಿದ್ದೀನಿ," ಅಂದರು. "ಬಿದ್ದದ್ದು ಮೂವತ್ತೊಂದಕ್ಕೆ ಅಂತ ಪೊಲೀಸರು ಹೇಳಿದ್ರು. ಒಂಬತ್ತು ನಿಮಿಷ ಮುಂಚೆ. ಆದ್ರೂ ಅವರು ಯಾಕೆ ಆ ಕಡೆ ಹೋದ್ರು? ಅದೇ ನಂಗೆ ಅರ್ಥ ಆಗಿಲ್ಲ. ನಿಧಾನ ಅಂತ ಹಾಕಿದ್ದೆ. ಬಳಸಿ ಹೋಗಿ ಅಂತ ಹಾಕ್ಬೇಕಿತ್ತೇನೋ. ನನ್ನ ಮಾತಲ್ಲೇ ಜೋರಿರಲಿಲ್ಲವೇನೋ. ತೊಳೆದಾಯ್ತು ಅಂತ ಯಾರೂ ಫೋನ್ ಮಾಡಿ ಹೇಳಲಿಲ್ಲ, ಅದನ್ನೇ ನೆಪ ಮಾಡ್ಕೊಂಡು ನಾನೂ ಮುಚ್ಚಲಿಲ್ಲ. ಒಂದು ದಿನ ದಾಟಿದ ಸೂಚನೆ ತಾನಾಗೇ ಬಿದ್ದುಹೋಗುತ್ತೆ. ದಿನಾ ಇಪ್ಪತ್ತೆರಡಕ್ಕೆ 'ಇನ್ನೂ ಇದೆ' ಅಂತ ಒತ್ತುತ್ತೀನಿ. ರಜಾ ದಿನ ಬದಲಿಗೆ ಬರೋಳಿಗೆ ಚೀಟಿ ಬರೆದಿಟ್ಟು ಹೋಗ್ತೀನಿ. ಹುಚ್ಚು ಅಂತಾಳೆ ಅವಳು."

ಅವರು ಇನ್ನೂ ಏನೋ ಹೇಳುತ್ತಿದ್ದರು. ನನಗೆ ಇಪ್ಪತ್ತೆರಡು ಅನ್ನುವುದೊಂದೇ ಕೇಳುತ್ತಿತ್ತು. ದಿನಾ ಇಪ್ಪತ್ತೆರಡಕ್ಕೆ ಇವರು ಒತ್ತುತ್ತಾರೆ, ದಿನಾ ಮೂವತ್ತಮೂರಕ್ಕೆ ಅಣ್ಣ ಮಾತಾಡುತ್ತಾನೆ.

ನನ್ನ ಕಂಪ್ಯೂಟರು ಬರೆದಿಡುತ್ತಿದ್ದದ್ದು ಸೂಚನೆ ಹುಟ್ಟಿದ ಹೊತ್ತನ್ನಲ್ಲ, ತಾನು ಹೋಗಿ ಅದನ್ನು ತಂದ ಹೊತ್ತನ್ನು. ಹುಟ್ಟಿದ ಹೊತ್ತು ಫೀಡಿನಲ್ಲೇ ಇರುತ್ತದೆ, ಲೋಕಕ್ಕೆಲ್ಲ ಒಂದೇ ಆದ ಬೇರೊಂದು ಗಡಿಯಾರದ ಲೆಕ್ಕದಲ್ಲಿ. ಅದನ್ನು ನಮ್ಮ ಗಂಟೆಗೆ ತಿರುಗಿಸುವ ತಲೆನೋವು ಯಾಕೆ ಅಂತ ಮೊದಲ ದಿನವೇ ಕೈಬಿಟ್ಟಿದ್ದೆ. ಹದಿನೆಂಟಕ್ಕೆ ಹೋಗಿ ಕೇಳಿದಾಗ ಏನೂ ಇರಲಿಲ್ಲ. ಇಪ್ಪತ್ತೆರಡಕ್ಕೆ ಇವರು ಹಾಕಿದರು. ಆಮೇಲೆ ನನ್ನ ಕಂಪ್ಯೂಟರು ಮರ್ಯಾದೆಯಿಂದ ಮೂವತ್ತಮೂರರವರೆಗೆ ಕಾದು ಕೂತಿತ್ತು.

ಮಾಡಿದವಳಿಗೆ ಇದು ಗೊತ್ತಿರಲಿಲ್ಲವೇ ಅಂತ ಯಾರಾದರೂ ಕೇಳಬಹುದು. ಒಂಬತ್ತು ತಿಂಗಳು, ದಿನಾ, ನಿಮಿಷ ತಪ್ಪದೆ ಮೂವತ್ತಮೂರಕ್ಕೇ ಬರುವ ಸೂಚನೆ ಯಾಕೆ ಹಾಗೆ ಬರುತ್ತದೆ ಅಂತ ಮೇಷ್ಟ್ರು ಕೇಳಿದ್ದರೆ ನಿದ್ದೆಗಣ್ಣಲ್ಲೂ ಉತ್ತರ ಹೇಳುತ್ತಿದ್ದೆ. ತೆರೆದು ನೋಡಲು ಎರಡು ನಿಮಿಷ ಸಾಕಿತ್ತು. ನೋಡಲಿಲ್ಲ. ನೋಡಬಾರದು ಅಂತ ಒಳಗೆಲ್ಲೋ ನನಗೆ ಗೊತ್ತಿತ್ತು ಅನ್ನಿಸುತ್ತದೆ.

ಸುಮ್ಮನೆ ಎದ್ದು ಬರಬಹುದಿತ್ತು. ಆದರೆ ಆ ಹೆಂಗಸು ರಿಜಿಸ್ಟರಿನ ಮೇಲಿನ ಬೆರಳು ತೆಗೆದಿರಲಿಲ್ಲ.

"ನಿಮ್ಮ ಮಾತಲ್ಲಿ ಏನೂ ತಪ್ಪಿಲ್ಲ ಮೇಡಂ," ಅಂದೆ. "ಅವನಿಗೆ ಅದು ಮುಟ್ಟಲೇ ಇಲ್ಲ. ನಾನು ಹದಿನೈದು ನಿಮಿಷಕ್ಕೊಮ್ಮೆ ಕೇಳೋ ಹಾಗೆ ಇಟ್ಟಿದ್ದೆ. ನಿಮಗೆ ತೊಂದರೆ ಆಗ್ಬಾರದು ಅಂತ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ರಿಜಿಸ್ಟರ್ ಮುಚ್ಚಿದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ನಮಗೇನು ತೊಂದ್ರೆ?" ಅಂದರು ಮೆಲ್ಲಗೆ. "ನಿಮಿಷಕ್ಕೊಂದ್ಸಲ ಕೇಳಿ ಅಂತ ನಾವೇ ಫೀಡಿನ ಷರತ್ತಲ್ಲಿ ಬರೆದಿದ್ದೀವಲ್ಲಮ್ಮ."

ಬೈದಿದ್ದರೆ ಚೆನ್ನಾಗಿತ್ತು. ಅವರು ಲೋಟದಲ್ಲಿ ನೀರು ಕೊಟ್ಟರು. ನಾನು ಕುಡಿದೆ. "ಇನ್ನು ಅದನ್ನ ಮುಚ್ಚಲಾ?" ಅಂತ ಕೇಳಿದರು. ಅತ್ತಿಗೆಯ ಮುಖ ಕಣ್ಣೆದುರು ಬಂತು. "ನಾಳೆ ಒಂದು ದಿನ ಇರ್ಲಿ," ಅಂದೆ.

ಮನೆಗೆ ಬಂದಾಗ ಐದೂಕಾಲು. ಅತ್ತಿಗೆ ಬಾಗಿಲಲ್ಲೇ ಕಾಯುತ್ತಿದ್ದರು.

"ಸಿಕ್ಕಿದ್ರಾ? ಯಾಕಂತೆ ತಡ?"

ದಾರಿಯುದ್ದಕ್ಕೂ ಒಂದು ಸುಳ್ಳು ನನ್ನ ಜೊತೆಗೇ ನಡೆದುಬಂದಿತ್ತು. ಫೋನು ಕೆಟ್ಟಿತ್ತಂತೆ ಅತ್ತಿಗೆ. ಅಷ್ಟು ಹೇಳಿದರೆ ಸಾಕು. ಅತ್ತಿಗೆ ನಂಬುತ್ತಾರೆ, ಅವರಿಗೆ ಅಣ್ಣನ ಕೊನೆಯ ಮಾತೂ ಉಳಿಯುತ್ತದೆ, ನನಗೆ ಅತ್ತಿಗೆಯೂ ಉಳಿಯುತ್ತಾರೆ. ಅಣ್ಣನಿಲ್ಲದ ಆ ಮನೆಯಲ್ಲಿ ನನಗೆ ಇದ್ದದ್ದು ಅವರೊಬ್ಬರೇ.

"ಅವರು ತಡ ಮಾಡಿಲ್ಲ ಅತ್ತಿಗೆ," ಅಂದೆ. "ತಡ ಮಾಡಿದ್ದು ನಾನು."

ಅಡುಗೆಮನೆಯಲ್ಲಿ ಎದುರುಬದುರು ಕೂತು ಎಲ್ಲ ಹೇಳಿದೆ. ಹದಿನೆಂಟು, ಇಪ್ಪತ್ತೆರಡು, ಮೂವತ್ತೊಂದು, ಮೂವತ್ತಮೂರು. ಅತ್ತಿಗೆ ಕೈ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಪಂಕ್ಚರ್ ಅಂಗಡಿಯವನ ಮಾತಿಗೆ ಬಂದು ನಾನು ತಡವರಿಸುತ್ತಿದ್ದಾಗಲೇ ಕಪಾಟಿನ ಮೇಲಿನಿಂದ ದನಿ ಬಂತು.

"ಎಚ್ಚರ. ಹಳೇ ಸೇತುವೆ. ಇಳಿಜಾರು. ಎಣ್ಣೆ ಚೆಲ್ಲಿದೆ. ನಿಧಾನ."

"ಆ ಪಂಕ್ಚರ್ ಅಂಗಡಿಯವನು ಕೇಳಿಸ್ಕೊಂಡಿದ್ದು ಇದು," ಅಂದೆ. "ಜೇಬಿನ ಫೋನು."

ಅತ್ತಿಗೆ ಪೆಟ್ಟಿಗೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ಹಾಗಾದ್ರೆ ಅವರು ಏನೂ ಹೇಳ್ಲಿಲ್ಲ."

"ಇಲ್ಲ ಅತ್ತಿಗೆ."

"ನಿಂಗೆ ಗೊತ್ತಿತ್ತು."

"ಹೂಂ."

"ನಾನು ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದೆ. ನೀನು ಪಕ್ಕದಲ್ಲೇ ನಿಂತು ಕೇಳ್ತಿದ್ದೆ."

ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಳುವ ಸದ್ದು ಕೇಳಿಸುತ್ತದೇನೋ ಅಂತ ಕಾದೆ, ಕೇಳಿಸಲಿಲ್ಲ. ಅದಕ್ಕೇ ಇನ್ನಷ್ಟು ಹೆದರಿಕೆಯಾಯಿತು. ಪೆಟ್ಟಿಗೆಯನ್ನು ಎತ್ತಿ ನೆಲಕ್ಕೆ ಕುಕ್ಕಬೇಕು ಅನ್ನಿಸಿತು, ಆದರೆ ಒಳಗಿರುವುದು ಅಣ್ಣನ ದನಿ.

ಬೆಳಿಗ್ಗೆ ಅವರೇ ಬಂದರು. ಸ್ನಾನ ಮಾಡಿ, ತಲೆ ಬಾಚಿಕೊಂಡಿದ್ದರು. ಮುಖ ಊದಿತ್ತು.

"ಆ ಹದಿನೈದನ್ನ ತೆಗೆಯೋಕೆ ಎಷ್ಟು ಹೊತ್ತು ಬೇಕು?"

"ಒಂದು ಅಂಕಿ ಅತ್ತಿಗೆ. ಕ್ಷಣದ ಕೆಲಸ."

"ತೆಗಿ. ನಾನೂ ಬರ್ತೀನಿ."

ಕಾರ್ಖಾನೆಗೆ ಬಂದು, ಹಲ್ಲುಗಳ ನಡುವೆ ಸ್ಟೂಲು ಹಾಕಿಕೊಂಡು ನನ್ನ ಪಕ್ಕ ಕೂತರು. ಹದಿನೈದು ಅಳಿಸಿ ಒಂದು ಅಂತ ಬರೆದೆ. "ಇಷ್ಟೇನಾ?" ಅಂದರು. "ಇಷ್ಟೇ," ಅಂದೆ. ಇವತ್ತೇ ಕೊನೆ, ನಾಳೆಯಿಂದ ಆ ಸೂಚನೆ ಬರುವುದಿಲ್ಲ ಅಂತಲೂ ಹೇಳಿದೆ.

ಸಂಜೆ ಐದಕ್ಕೇ ಬಂದು ಅಡುಗೆಮನೆಯಲ್ಲಿ ಕೂತೆವು. ಗೋಡೆ ಗಡಿಯಾರವನ್ನು ಅತ್ತಿಗೆ ಕೆಳಗಿಳಿಸಿ, ತಮ್ಮ ಎದುರಿಗೆ ಇಟ್ಟುಕೊಂಡಿದ್ದರು. ಪಕ್ಕದಲ್ಲಿ ಒಂದು ಸಣ್ಣ ಕಾಗದ. ಅವತ್ತು ಅಣ್ಣನ ಅಂಗಿಯ ಜೇಬಿನಲ್ಲಿ ಸಿಕ್ಕಿದ್ದ ಪೆಟ್ರೋಲ್ ಬಂಕಿನ ಚೀಟಿ.

ಇಪ್ಪತ್ತಮೂರಕ್ಕೆ ಅಣ್ಣ ಮಾತಾಡಿದ.

"ಎಚ್ಚರ. ಹಳೇ ಸೇತುವೆ. ಇಳಿಜಾರು. ಎಣ್ಣೆ ಚೆಲ್ಲಿದೆ. ನಿಧಾನ."

ಮಾತು ಮುಗಿದ ಮೇಲೆ ಅಭ್ಯಾಸದಂತೆ ನಾನು ಏಳಹೋದೆ. "ಕೂತ್ಕೋ," ಅಂದರು ಅತ್ತಿಗೆ. "ನಿಮ್ಮಣ್ಣ ಇನ್ನೂ ಮೇಲಿನ ರಸ್ತೇಲಿದ್ದಾರೆ."

ತಾವು ಎದ್ದು ಹಾಲಿಟ್ಟರು. ಹಾಲು ಕಾಯುವವರೆಗೂ ಒಲೆಯ ಮುಂದೆ ನಿಂತಿದ್ದರು. ಟೀಪುಡಿ ಹಾಕಿ, ಕುದಿಸಿ, ಸೋಸಿ, ಎರಡು ಲೋಟಕ್ಕೆ ಬಗ್ಗಿಸಿದರು. ಗಡಿಯಾರ ನೋಡಿದರು. ಇಪ್ಪತ್ತಾರು. ಬಂಕಿನ ಚೀಟಿಯ ಮೇಲೆ ಬೆರಳಿಟ್ಟರು, ಅದರಲ್ಲೂ ಇಪ್ಪತ್ತಾರು ಅಂತಲೇ ಇತ್ತು.

"ಈಗ ಪೆಟ್ರೋಲ್ ಹಾಕಿಸ್ಕೊಳ್ತಿದ್ದಾರೆ," ಅಂದರು. "ಬೈಕ್ ನಿಂತಿದೆ. ಹೆಲ್ಮೆಟ್ ತೆಗೆದಿರ್ತಾರೆ."

ಟೀ ಬಿಸಿಯಿತ್ತು. ಊದಿಕೊಂಡು ಕುಡಿದೆವು. ಅತ್ತಿಗೆ ಎರಡೂ ಲೋಟ ತೆಗೆದುಕೊಂಡು ಹೋಗಿ ತೊಳೆದರು. ಬಟ್ಟೆಯಿಂದ ಒರೆಸಿ, ಬೋರಲು ಹಾಕಿ, ಕೈ ಒರೆಸಿಕೊಂಡು ಬಂದು ಕೂತರು. ಮೂವತ್ತೂ ಆಗಿರಲಿಲ್ಲ. ಮುಳ್ಳು ಹಂದಾಡುತ್ತಿಲ್ಲವೇನೋ ಅನ್ನಿಸಿ ನಾನು ಗಡಿಯಾರಕ್ಕೆ ಕಿವಿಗೊಟ್ಟೆ. ಟಿಕ್ ಟಿಕ್ ಅನ್ನುತ್ತಲೇ ಇತ್ತು.

ಮೂವತ್ತೊಂದಾಯಿತು. ಅತ್ತಿಗೆ ಕಣ್ಣು ಮುಚ್ಚಿ ನನ್ನ ಕೈ ಹಿಡಿದುಕೊಂಡರು. ನೋಯುವಷ್ಟು ಬಿಗಿಯಾಗಿ ಹಿಡಿದಿದ್ದರು, ನಾನು ಬಿಡಿಸಿಕೊಳ್ಳಲಿಲ್ಲ.

"ಇಷ್ಟೊಂದು ಹೊತ್ತಿತ್ತಾ?" ಅಂತ ಕೇಳಿದರು.

"ಇತ್ತು ಅತ್ತಿಗೆ," ಅಂದೆ.